ತಿಮ್ಮಮ್ಮನ ಅಂಗಡಿಗೆ ಎರಡು ಹಾರ್ನ್

ನಗೋರು ಈಗ್ಲೇ ನಕ್ಬಿಡಿ. ಆಮೇಲೆ ನಕ್ಕರೆ ನಂಗೆ ಸಿಟ್ಟು ಬರತ್ತೆ.

ನಮ್ ದೊಡ್ಡಪ್ಪನ ಮಗ ನಂದನ್, ಹೋದ ಮಳೆಗಾಲದಲ್ಲಿ ಒಂದ್ ರಾತ್ರಿ ಬಾಳೂರಿನ ಮೇಲಿನ ಬಾವಿ ಹತ್ರ ಒಬ್ನೇ ನಡ್ಕೊಂಡು ಬರ್ತಿದ್ದ. ಧರೆ ಕುಸಿದಿತ್ತು, ಪಿಕಪ್ ಅಲ್ಲೇ ಬಿಟ್ಟು ಒಳದಾರಿ ಹಿಡಿದಿದ್ದ. ಬಾವಿ ಪಕ್ಕ ತಿಮ್ಮಮ್ಮನ ಅಂಗಡಿ... ಮುಚ್ಚಿತ್ತು. ಅವ್ರು ತೀರ್ಕೊಂಡು ತಿಂಗಳಾಗಿತ್ತು.

ನಂದನ್ ಮೂಡಿಗೆರೆಯ ಒಂದು ದಿನಸಿ ಹೋಲ್‌ಸೇಲ್‌ನಲ್ಲಿ ಡ್ರೈವರು. ಸಾಹುಕಾರ್ರ ಅಳಿಯ ಸುಪ್ರೀತ್ ಕಂಪ್ಯೂಟರಲ್ಲಿ ಮುಂದಿನ ತಿಂಗಳಿನ ನಕಲು, ಒಂದು ಸುಳ್ಳು ತಿಂಗಳು ಓಡಿಸ್ತಾನೆ. ಯಾವ ಅಂಗಡೀಲಿ ಉಪ್ಪು ಯಾವಾಗ ಮುಗಿಯತ್ತೆ, ಗಾಡಿ ಯಾವ ಗುಡ್ಡ ಹತ್ಬೇಕು, ಎಲ್ಲ ಮೊದ್ಲು ಅದ್ರಲ್ಲೇ ನಡೆದುಹೋಗತ್ತೆ. ನಿಜವಾದ ಗಾಡಿ ಹೊರಡೋದು ಆಮೇಲೆ. ಒಳ್ಳೇದೇ ಆಯ್ತು, ಅಂಗಡೀಲಿ ಸಕ್ಕರೆ ಬಿದ್ದು ಥಂಡಿ ಹಿಡಿಯೋದು ತಪ್ತು. ಆದ್ರೆ ಎಸ್ಟೇಟಿನ ಕೂಲಿ ಲೈನು ಖಾಲಿಯಾಗಿ ತಿಮ್ಮಮ್ಮನಿಗೆ ಗಿರಾಕಿನೇ ಇರ್ಲಿಲ್ಲ. ಅಲ್ಲಿಗೆ ವಾರವಾರ ಹೋಗೋದು ದಂಡ ಅಂತು ಕಂಪ್ಯೂಟ್ರು. ಟ್ರಿಪ್ ನಿಲ್ಸಿದ್ರು. ಅದನ್ನ ತಿಮ್ಮಮ್ಮನಿಗೆ ಹೇಳೋಕೆ ನಂದನ್‌ಗೆ ಬಾಯಿ ಬರ್ಲಿಲ್ಲ.

ತಿಮ್ಮಮ್ಮ ಹೋದ್ಮೇಲೆ ಬಾಗಿಲು ತೆಗೆದ್ರೆ, ಒಳಗೆಲ್ಲ ನಂದನ್ ಇಳಿಸಿದ ಸಾಮಾನೇ. ಕಟ್ಟು ಕೂಡ ಬಿಚ್ಚಿಲ್ಲ. ಅವನು ಬರ್ಲಿ ಅಂತ ತಗೋತಿದ್ರು ಮಾರಾಯ್ರೆ! ಹಾರ್ನ್ ಎರಡು ಸಲ ಕೇಳಿದ್ರೆ ಸಾಕು, ಹಲಗೆ ಸರಿಸಿ ಕಾಫಿಗೆ ನೀರಿಡೋರು. ವಾರಕ್ಕೆ ಅವ್ರನ್ನ ಮಾತಾಡಿಸ್ತಿದ್ದ ಜೀವ ಅದೊಂದೇ.

ಆ ರಾತ್ರಿ... ಬಾವಿ ರಾಟೆ 'ಕಿರ್ರ್' ಅಂತು. ಅದ್ರಲ್ಲಿ ಹಗ್ಗ ಇರ್ಲಿಲ್ಲ. ಆಮೇಲೆ ಅಂಗಡಿ ಹಲಗೆ... 'ಸರ್ರ್'... 'ಟಕ್'.

ಒಳಗಿಂದ ಪಿಸುದನಿ.

“ನಂದನಾ... ಬಂದ್ಯಾ?”

“ಬಂದೆ, ತಿಮ್ಮಮ್ಮ.”

“ಸಾಮಾನು ಬೇಡ ಮಾರಾಯ. ಹಾರ್ನ್ ಹೊಡ್ದು ಹೋಗು... ಸಾಕು.”

ಈಗ ವಾರಕ್ಕೊಂದ್ ಸಲ ತನ್ನ ಬೈಕಲ್ಲಿ ಆ ಗುಡ್ಡ ಹತ್ತಿ ಎರಡು ಸಲ ಹಾರ್ನ್ ಹೊಡೆದು ಬರ್ತಾನೆ. ಯಾರಿಗೂ ಹೇಳಿಲ್ಲ, ನನ್ ಹತ್ರ ಮಾತ್ರ ಅತ್ತುಬಿಟ್ಟ.

ಸುಪ್ರೀತ್ ಆ ಅಂಗಡಿನ ಕಂಪ್ಯೂಟರಿಂದ ತೆಗೆದಾಗಿದೆ. ಆದ್ರೂ ಸುಳ್ಳು ತಿಂಗಳು ಓಡಿಸಿದಾಗೆಲ್ಲ ಪರದೆ ಮೇಲಿನ ಗಾಡಿ ದಾರಿ ಬಿಟ್ಟು ಆ ಗುಡ್ಡ ಹತ್ತತ್ತೆ. ಬಾವಿ ಹತ್ರ ನಿಲ್ಲತ್ತೆ... ಒಂದು ಕಾಫಿ ಕುಡಿಯೋಷ್ಟು ಹೊತ್ತು. ಆಮೇಲೆ ವಾಪಸ್ ಬರತ್ತೆ. ಅವನು ಎಷ್ಟು ಸಲ ಸರಿಮಾಡಿದ್ರೂ ಅಷ್ಟೇ. ಕಳಸೇಶ್ವರನ ಆಣೆಗೂ, ನಾನೇ ಸುಪ್ರೀತ್ ಪಕ್ಕ ಕೂತು ನೋಡಿದೀನಿ. ನಿನ್ನೆನೂ ನಿಂತಿತ್ತು.