ಅಣ್ಣತಮ್ಮಂದಿರ ಗೋಡೆಯ ಮೇಲೆ ನಿಂತ ಮಾತೆ

ನಾನು, ವಯಸ್ಸು ಐವತ್ತೆರಡು, ವೃತ್ತಿ ಹೊಲಿಗೆ, ಬೀದಿಯವರ ಬಾಯಲ್ಲಿ ಟೈಲರಕ್ಕ, ವಾಸ ಚರ್ಚಿನ ಹಿಂದಿನ ಬೀದಿಯ ಮೂರನೇ ಮನೆ, ಸದ್ಯಕ್ಕೆ ಅದೇ ಮನೆಯ ವರಾಂಡದ ಕುರ್ಚಿ. ಬಲಗಾಲಿಗೆ ಪ್ಲಾಸ್ಟರ್ ಹಾಕಿರುವುದರಿಂದ ನಾನು ಠಾಣೆಗೆ ಹೋಗಲಾಗದೆ ಠಾಣೆಯೇ ನನ್ನಲ್ಲಿಗೆ ಬಂದಿದ್ದು, ಹೆಡ್ ಕಾನ್‌ಸ್ಟೆಬಲ್ ಸಾಹೇಬರ ಮುಂದೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನಮ್ಮ ಚರ್ಚಿಗೆ ಸೇರಿದ ಮಾತೆ ಮರಿಯಮ್ಮನವರ ಪ್ರತಿಮೆಯೊಂದು ಗಾಜಿನ ಬಾಗಿಲಿನ ಮರದ ಪೆಟ್ಟಿಗೆಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಮಾತೆ ಯಾರ ಮನೆಯಲ್ಲಿರುತ್ತಾರೋ ಅಲ್ಲಿ ಸಂಜೆ ಏಳಕ್ಕೆ ಬೀದಿಯವರೆಲ್ಲ ಸೇರಿ ಜಪಸರ ಹೇಳುತ್ತೇವೆ, ಅಂದರೆ ಮಣಿ ಎಣಿಸುತ್ತ ಸುತ್ತಿಗೆ ಹತ್ತರಂತೆ ಐದು ಸುತ್ತು ಪ್ರಾರ್ಥನೆ. ಮರುದಿನ ಆ ಮನೆಯ ಯಜಮಾನ ಪೆಟ್ಟಿಗೆಯನ್ನು ಹೊತ್ತು ಮುಂದಿನ ಮನೆಗೆ ಹೋಗಬೇಕು. ಆ ಮನೆಯವನು ಮೇಣದ ಬತ್ತಿ ಹಚ್ಚಿಸಿಕೊಂಡು ಗೇಟಿನಲ್ಲಿ ನಿಂತು ಕೈಯಿಂದ ಕೈಗೆ ಪಡೆದುಕೊಳ್ಳಬೇಕು. ನಡುವೆ ಎಲ್ಲೂ ಇಳಿಸುವಂತಿಲ್ಲ. ಇದರ ಉಸ್ತುವಾರಿ ನನ್ನದು.

ನನ್ನ ಮನೆಯ ಎದುರಿನ ಎರಡು ಮನೆಗಳು ನನ್ನ ಅಣ್ಣನದು ಮತ್ತು ತಮ್ಮನದು. ಅಣ್ಣ ಬೇಕರಿಯವನು, ರಾತ್ರಿಯಿಡೀ ಬ್ರೆಡ್ಡು ಸುಟ್ಟು ಹಗಲು ಮಲಗುತ್ತಾನೆ. ತಮ್ಮ ಬೀಗ ರಿಪೇರಿಯವನು. ಹಗಲಿಡೀ ಅಂಗಳದಲ್ಲಿ ಕೂತು ಕುಟ್ಟುತ್ತಾನೆ. ಇದರ ಪರಿಣಾಮವಾಗಿ ಆರು ವರ್ಷದ ಹಿಂದೆ ಇಬ್ಬರ ನಡುವೆ ಎದೆಯೆತ್ತರದ ಗೋಡೆ ಎದ್ದಿತು. ಸದ್ದಿಗೆ ಗೋಡೆ ಹತ್ತಲು ಬರುತ್ತದೆ ಎಂಬುದು ಗಾರೆ ಒಣಗಿದ ಮೇಲೆ ಗೊತ್ತಾಯಿತು. ಸದ್ದು ನಿಲ್ಲಲಿಲ್ಲ, ಮಾತು ನಿಂತಿತು. ಅವನೇ ಮೊದಲು ಮಾತಾಡಲಿ ಎಂದು ಇಬ್ಬರೂ ನನ್ನ ಹತ್ತಿರ ಬೇರೆಬೇರೆಯಾಗಿ ಹೇಳಿರುತ್ತಾರೆ.

ಈ ಕಾರಣಕ್ಕೆ ಮಾತೆ ಅಣ್ಣನ ಮನೆಯಿಂದ ರಸ್ತೆ ದಾಟಿ ನನ್ನ ಮನೆಗೆ ಬಂದು, ಮತ್ತೆ ರಸ್ತೆ ದಾಟಿ ತಮ್ಮನ ಮನೆಗೆ ಹೋಗುತ್ತಿದ್ದರು. ಈ ಸುತ್ತು ಯಾಕೆಂದು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೋದ ವಾರ ಚರ್ಚಿನ ಪಕ್ಕದ ಮಾತೆಯ ಗವಿಯಲ್ಲಿ ಪರದೆ ಕಟ್ಟುವಾಗ ನಾನು ಏಣಿಯಿಂದ ಬಿದ್ದೆ. ಮಾತೆ ನೋಡುತ್ತಿದ್ದದ್ದಕ್ಕೇ ಒಂದೇ ಕಾಲು ಹೋಯಿತು ಎಂದು ಫಾದರ್ ಸಮಾಧಾನ ಹೇಳಿದರು. ಹೀಗಾಗಿ ಈ ಸಲ ಅಣ್ಣನೇ ನೇರವಾಗಿ ತಮ್ಮನ ಮನೆಗೆ ಹೋಗಬೇಕಾಯಿತು. ಅದರ ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ಕಾಲುನೋವಿನಿಂದಲ್ಲ.

ಬುಧವಾರ ಸಂಜೆ ಆರೂವರೆಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೆಟ್ಟಿಗೆ ಹೊತ್ತು ಹೊರಬಂದನು. ತಮ್ಮ ತನ್ನ ಗೇಟಿನೊಳಗೆ ನಿಂತಿದ್ದನು. ಇಬ್ಬರಿಗೂ ನಡುವೆ ನಾಲ್ಕು ಹೆಜ್ಜೆ. ಅಣ್ಣ ರಸ್ತೆಯ ಈಚೆಗಿದ್ದ ನನ್ನನ್ನು ಕೂಗಿ, ಬಂದು ತಗೊಂಡು ಹೋಗೋಕೆ ಹೇಳು ಅವನಿಗೆ ಎಂದನು. ತಮ್ಮನೂ ನನ್ನನ್ನೇ ಕೂಗಿ, ಅಕ್ಕಾ, ಗೇಟಿನ ತನಕ ತಂದುಕೊಡೋದು ಪದ್ಧತಿ, ಪದ್ಧತಿ ಗೊತ್ತಿಲ್ವಂತಾ ಕೇಳು ಎಂದನು. ಇಬ್ಬರಿಗೂ ಕಿವಿ ಕೇಳುತ್ತದೆ, ನನ್ನ ಗಂಟಲು ಯಾಕೆ ಹರೀಬೇಕು ಎಂದು ನಾನು ಸುಮ್ಮನೆ ಕುಳಿತೆ. ಕೊನೆಗೆ ಅಣ್ಣನ ತೋಳು ಸೋತು, ಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟು, ನಾನು ಕೊಟ್ಟಾಯ್ತು ಎಂದನು. ನಾನು ತಗೊಂಡಿಲ್ಲ ಎಂದು ತಮ್ಮ ಒಳಗೆ ಹೋದನು.

ಮಾತೆ ಎಲ್ಲಿದ್ದಾರೋ ಅಲ್ಲೇ ಜಪಸರವಾದ್ದರಿಂದ ಬೀದಿಯವರು ಚಾಪೆ, ಸ್ಟೂಲು ತಂದು ರಸ್ತೆಯಲ್ಲೇ ಕುಳಿತರು. ಇಬ್ಬನಿ ಬೀಳುತ್ತದೆಂದು ಅತ್ತಿಗೆ ಅತ್ತ ಕಡೆಯಿಂದ ಕೊಡೆ ಬಿಚ್ಚಿ ಹಿಡಿದರು, ತಮ್ಮನ ಹೆಂಡತಿ ಇತ್ತ ಕಡೆಯಿಂದ ಅದನ್ನು ಹಗ್ಗದಲ್ಲಿ ಕಟ್ಟಿದಳು. ಹೆಂಗಸರ ನಡುವೆ ಯಾವ ಜಗಳವೂ ಇಲ್ಲ; ಗೋಡೆ ಎದ್ದ ದಿನದಿಂದಲೂ ಅದರ ಮೇಲಿಂದಲೇ ಸಕ್ಕರೆ ಸಾಲ ನಡೆದಿದೆ. ಈ ವಾಕ್ಯವನ್ನು ಗಂಡಸರಿಗೆ ಓದಿ ಹೇಳಬಾರದಾಗಿ ವಿನಂತಿ.

ಗುರುವಾರ ಪಕ್ಕದ ಬೀದಿಯವರೂ ಬಂದರು. ಮನೆಯೊಳಗಿಗಿಂತ ಇಲ್ಲಿ ಗಾಳಿ ಚೆನ್ನಾಗಿದೆ ಎಂದರು. ಶುಕ್ರವಾರ ಸಂಜೆ ಹಾಲಿನ ವ್ಯಾನಿಗೆ ದಾರಿ ಸಿಗಲಿಲ್ಲ. ಡ್ರೈವರ್ ಹಾರ್ನ್ ಹೊಡೆದಾಗ ಮುದುಕಿಯೊಬ್ಬರು, ಐದು ಸುತ್ತು ಮಣಿ ಆಗ್ಲಿ ಮಗಾ, ನಿನ್ನ ಹಾಲೇನು ಓಡಿಹೋಗಲ್ಲ ಎಂದರು. ಡ್ರೈವರ್ ಠಾಣೆಗೆ ಫೋನ್ ಮಾಡಿದರು.

ಏಳೂಕಾಲಿಗೆ ತಾವು ಬಂದು, ಈ ಪೆಟ್ಟಿಗೆ ಯಾರದು ಎಂದು ಕೇಳಿದಿರಿ. ಅಣ್ಣ ತನ್ನದಲ್ಲವೆಂದನು. ತಮ್ಮ ಗೇಟಿನೊಳಗಿನಿಂದಲೇ ತನಗೆ ಬಂದಿಲ್ಲವೆಂದನು. ಹಾಗಾದರೆ ವಾರಸುದಾರರಿಲ್ಲದ ಸ್ವತ್ತೆಂದು ಠಾಣೆಗೆ ಒಯ್ಯುತ್ತೇನೆ ಎಂದು ತಾವು ಕೈ ಚಾಚಿದಿರಿ. ಮಾತೆ ಠಾಣೆಯಲ್ಲಿ ರಾತ್ರಿ ಕಳೆದರೆ ಈ ಇಬ್ಬರು ಆ ತಪ್ಪನ್ನೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಸಾಯುವ ತನಕ ಮುಖ ನೋಡುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಪ್ಲಾಸ್ಟರಿದ್ದರೂ ಎದ್ದು ನಿಂತೆ.

ಅಷ್ಟರಲ್ಲಿ ಅಣ್ಣ ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ಅವಚಿಕೊಂಡು, ಪ್ರಾರ್ಥನೆ ಮುಗಿಯೋ ತನಕ ಮುಟ್ಟಬಾರದು ಸಾರ್ ಎಂದು ಹೇಳಿ ಗಟ್ಟಿಯಾಗಿ ನಮೋ ಮರಿಯಾ ಶುರು ಮಾಡಿದನು. ಸಾಹೇಬರಿಗೆ ತಿಳಿದಿರಲಿ: ಈ ಪ್ರಾರ್ಥನೆಯ ಅರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಮಿಕ್ಕವರೆಲ್ಲ ಸಾಹೇಬರ ಲಾಠಿಯನ್ನೇ ನೋಡುತ್ತ ಬಾಯಿ ಮುಚ್ಚಿದ್ದರು. ಅಣ್ಣನ ಅರ್ಧ ಹಾಗೇ ಗಾಳಿಯಲ್ಲಿ ನಿಂತಿತು. ಆಗ ಗೇಟಿನ ಒಳಗಿನಿಂದ ಒಂಟಿ ಗಂಡು ದನಿಯೊಂದು ಸಂತ ಮರಿಯಾ ಎಂದು ಉಳಿದರ್ಧವನ್ನು ಹೇಳಿ ಮುಗಿಸಿತು. ಅದು ತಮ್ಮನದು. ಹುಟ್ಟಿದಾಗಿನಿಂದ ರೂಢಿಯಾದ ಬಾಯಿ. ಅರ್ಧ ಕೇಳಿದರೆ ಅರ್ಧ ತಾನಾಗಿ ಬರುತ್ತದೆ. ಅಣ್ಣ ಮತ್ತೊಂದು ಹೇಳಿದನು. ತಮ್ಮ ಮತ್ತೆ ಮುಗಿಸಿದನು. ಡ್ರೈವರ್ ಎಂಜಿನ್ ಆಫ್ ಮಾಡಿದರು.

ಅಣ್ಣನ ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಮಣಿ ಎಣಿಸಲು ಜಪಸರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಮ್ಮ, ಹತ್ತಾಯ್ತು, ನಿಲ್ಸು ಎಂದನು. ಒಂಬತ್ತೇ ಆಗಿದ್ದು ಎಂದು ಅಣ್ಣ. ಹತ್ತು ಕಣೋ, ನನ್ನ ಕೈಲಿ ಮಣಿ ಇದೆ ಎಂದು ತಮ್ಮ. ನಿನ್ನ ಮಣಿ ನಿನ್ನ ಬೀಗದ ಥರಾನೇ, ನಂಬೋ ಹಾಗಿಲ್ಲ ಎಂದು ಅಣ್ಣ. ತಮ್ಮ ಗೇಟು ತೆಗೆದು ಹೊರಬಂದು ಜಪಸರವನ್ನು ಅವನ ಮೂಗಿನ ಮುಂದೆ ಹಿಡಿದನು. ಅಣ್ಣ ಸಿಟ್ಟಿನಲ್ಲಿ, ಹಿಡ್ಕೋ ಇದನ್ನ, ಬೆರಳಲ್ಲಿ ಎಣಿಸಿ ತೋರಿಸ್ತೀನಿ ಎಂದು ಪೆಟ್ಟಿಗೆಯನ್ನು ತಮ್ಮನ ಕೈಗೆ ಕೊಟ್ಟನು. ತಮ್ಮ ಎರಡೂ ಕೈಯಲ್ಲಿ ಪಡೆದುಕೊಂಡನು. ಅವನ ಹೆಂಡತಿ ಓಡಿಬಂದು ಮೇಣದ ಬತ್ತಿ ಹಚ್ಚಿದಳು. ಏನಾಯಿತೆಂದು ಅವರಿಬ್ಬರಿಗೆ ತಿಳಿದದ್ದು ಬೀದಿಗೆಲ್ಲ ತಿಳಿದ ಮೇಲೆ.

ತಾವು ನನ್ನನ್ನು ಒಂಬತ್ತೋ ಹತ್ತೋ ಎಂದು ಕೇಳಿದಿರಿ. ನನಗೆ ಎಣಿಸಲು ಆಗಿರಲಿಲ್ಲ, ಕಣ್ಣಲ್ಲಿ ನೀರಿತ್ತು.

ಮಾತೆ ಈಗ ತಮ್ಮನ ಮನೆಯಲ್ಲಿದ್ದಾರೆ, ವ್ಯಾನು ಹೋಗಿದೆ, ರಸ್ತೆ ಖಾಲಿ ಇದೆ, ನನ್ನ ದೂರೇನೂ ಇಲ್ಲ. ಎದುರಿನ ಮನೆಯಿಂದ ಈಗ ಕೇಳಿಬರುತ್ತಿರುವ ಗಲಾಟೆ ಅದೇ ಒಂಬತ್ತು, ಹತ್ತರದು. ಅಣ್ಣ ಇವತ್ತು ಹಗಲು ಮಲಗಿಲ್ಲ, ತಮ್ಮ ಸುತ್ತಿಗೆ ಮುಟ್ಟಿಲ್ಲ. ಆ ಜಗಳವನ್ನು ಪೊಲೀಸರು ಯಾವ ಕಾರಣಕ್ಕೂ ಬಗೆಹರಿಸಬಾರದಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೇಲೆ ಬರೆಸಿದ್ದು ನಾನು ಕುಳಿತಲ್ಲಿಂದ ಕಂಡದ್ದು, ಕೇಳಿದ್ದು. ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ನನ್ನ ಮನೆಯ ವರಾಂಡ
ದಿನ: ಶನಿವಾರ, ಮಧ್ಯಾಹ್ನ
ರುಜು: (ಟೈಲರಕ್ಕ)