ಕಡಲಮ್ಮನಿಗೆ ಒಂದು ಬೊಗಸೆ ಉಪ್ಪು

ಕೇಳ್ರಪ್ಪಾ ಕೇಳಿ, ಹಿಂದೆ ಕೂತವರು ಮುಂದೆ ಬನ್ನಿ. ಯಾವ ಸೀಮೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಕಡಲ ದಂಡೆಯಲ್ಲಿ ಒಂದೂರಿತ್ತು. ಅವರಿಗೆ ಹೊಲ ಇಲ್ಲ, ತೋಟ ಇಲ್ಲ, ದೋಣಿ ಇಲ್ಲ. ಇದ್ದದ್ದು ಉಪ್ಪಿನ ಗದ್ದೆ ಒಂದೇ. ಕಡಲ ನೀರು ಕಟ್ಟಬೇಕು, ಬಿಸಿಲಿಗೆ ಬಿಡಬೇಕು, ಉಪ್ಪು ಬಾಚಬೇಕು. ಅದೇ ಅವರ ಅನ್ನ.

ಆ ಊರಿಗೊಂದು ಕಟ್ಟಳೆ. ಯುಗಾದಿ ಕಳೆದ ಎರಡನೇ ಹುಣ್ಣಿಮೆಗೆ ಯಜಮಾನ ಬೀರಜ್ಜ ಮೊದಲ ಬೊಗಸೆ ಉಪ್ಪನ್ನು ಕಡಲಮ್ಮನಿಗೆ ಕೊಡಬೇಕು. ಅಲ್ಲಿವರೆಗೆ ಯಾರೂ ಗದ್ದೆಯ ಉಪ್ಪಿಗೆ ಕೈ ಹಾಕುವಂತಿಲ್ಲ. ಬೀರಜ್ಜನ ಅಜ್ಜ ಗೊತ್ತು ಮಾಡಿದ ದಿನ ಅದು.

ಆದರೆ ಕಾಲ ಹಾಗೇ ಇರುತ್ತದೆಯೇ? ಎಲ್ಲೋ ದೂರದವರು ಹೊಗೆ ಎಬ್ಬಿಸಿದರು, ಭೂಮಿ ಕಾಯಿತು, ಕಡಲು ಕಾಯಿತು, ಮಳೆ ದಾರಿ ತಪ್ಪಿತು. ಒಂದು ವರ್ಷ ಹುಣ್ಣಿಮೆಗೆ ಎಂಟು ದಿನ ಮೊದಲೇ ಸುರಿಯಿತು. ಬೆಳೆದ ಉಪ್ಪೆಲ್ಲ ನೀರಾಯಿತು. ಅಮ್ಮ ಮುನಿದಿದ್ದಾಳೆ ಅಂತ ಮರುವರ್ಷ ದೊಡ್ಡ ಪೂಜೆ ಮಾಡಿದರು. ಮಳೆ ಹತ್ತು ದಿನ ಮೊದಲೇ ಬಂತು. ಮೂರನೇ ವರ್ಷವೂ ಹೀಗೇ ಆದರೆ ಊರು ಬಿಡುವುದು ಅಂತ ಎಲ್ಲರೂ ಗಂಟು ಕಟ್ಟಿಟ್ಟರು.

ಅಲ್ಲಿ ಕುಸಲಿ ಅಂತ ಒಬ್ಬಳಿದ್ದಳು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಅವಳು ಗಂಟು ಕಟ್ಟಲಿಲ್ಲ. ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗ ಗದ್ದೆಯ ಬದುವಿನ ಮೇಲೆ ನೋಡಿದಳು. ಏಡಿಗಳು ಬಿಲದ ಬಾಯಿಗೆ ಮಣ್ಣು ಮೆತ್ತುತ್ತಿದ್ದವು. ಮಳೆ ಹತ್ತಿರ ಬಂದಾಗ ಅವು ಮಾಡುವ ಕೆಲಸ ಅದು. ನೆಟ್ಟಗೆ ಬೀರಜ್ಜನ ಮನೆಗೆ ಹೋಗಿ, ಇವತ್ತೇ ಉಪ್ಪು ಎತ್ತೋಣ ಅಂದಳು. ಅಜ್ಜ ಒಪ್ಪುತ್ತಾನೆಯೇ? ಅಮ್ಮನ ಪಾಲು ಕೊಡದೆ ಎತ್ತಿದರೆ ಊರು ಉಳಿಯುವುದಿಲ್ಲ ಅಂದುಬಿಟ್ಟ.

ಕುಸಲಿ ಸುಮ್ಮನೆ ಕೇಳಿದಳು: "ಎರಡು ವರ್ಷ ಹುಣ್ಣಿಮೆ ದಿನ ಅಮ್ಮನಿಗೆ ಏನು ಕೊಟ್ರಿ ಅಜ್ಜಾ?"

ಅಜ್ಜ ತಲೆ ತಗ್ಗಿಸಿದ. "ಗದ್ದೇಲಿ ಇದ್ದದ್ದು ಅಷ್ಟೇ. ಉಪ್ಪುನೀರು."

"ಅದು ಅವಳ ಹತ್ರ ಬೇಕಾದಷ್ಟಿದೆ. ನಿಮ್ಮಜ್ಜ ಆ ದಿನ ಗೊತ್ತು ಮಾಡಿದ್ದು ಯಾಕೆ? ಆಗ ಮಳೆ ಅದಾಗಿ ತಿಂಗಳಿಗೆ ಬರ್ತಿತ್ತು. ಅವರು ನೋಡಿದ್ದು ಮಳೇನ, ಚಂದ್ರನ್ನಲ್ಲ."

 ಬೀರಜ್ಜ ಎದ್ದು ತಾನೇ ಉಪ್ಪು ಬಾಚುವ ಹಲಗೆ ಹಿಡಿದು ಗದ್ದೆಗಿಳಿದ. ಅಜ್ಜ ಇಳಿದ ಮೇಲೆ ಉಳಿದವರು ಕೂರುತ್ತಾರೆಯೇ? ಒಂದು ದಿನ ಬಾಚಿದರು, ಎರಡನೇ ದಿನ ಹೊತ್ತರು, ಮೂರನೇ ದಿನ ರಾಶಿಗೆ ತೆಂಗಿನ ಗರಿ ಹೊದಿಸಿದರು. ನಾಲ್ಕನೇ ದಿನ ಆಕಾಶವೇ ಕಳಚಿ ಬಿದ್ದಂತೆ ಮಳೆ. ಊರವರು ಗಂಟು ಬಿಚ್ಚಿ, ಚಾಪೆ ಹಾಸಿ, ಮಳೆ ನೋಡುತ್ತಾ ಕೂತರು. ಮಳೆ ಬಿಡುವು ಕೊಟ್ಟಾಗ, ಉಬ್ಬಿ ಬರುವ ಕಡಲಿಗೆ ಎದುರಾಗಿ ಬದುವನ್ನೂ ಒಂದು ಮೊಳ ಎತ್ತರಿಸಿದರು.

ಹುಣ್ಣಿಮೆ ದಿನವೂ ಸುರಿಯುತ್ತಿತ್ತು. ಬೀರಜ್ಜ ಮಳೆ ತಡೆಯಲು ತಲೆಗೆ ಎಲೆಯ ಗೊರಬು ಹಾಕಿಕೊಂಡು ದಂಡೆಗೆ ಹೋದ. ಮುಚ್ಚಿದ್ದ ಬೊಗಸೆ ಬಿಚ್ಚಿದ. ಮೂರು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಉಪ್ಪಿತ್ತು.

ಅವರ ಉಪ್ಪು ಗರಿಯ ಕೆಳಗೆ, ನನ್ನ ಕಥೆ ನಿಮ್ಮ ಕಿವಿಯೊಳಗೆ. ಎರಡೂ ಕರಗದಂತೆ ನೋಡಿಕೊಳ್ಳಿ.