ಲುಕ್ರೆತ್ಸಿಯಾ ಅವರ ಹಬೆಯಂತ್ರ ಮತ್ತು ನನ್ನ ಎರಡು ಲೀಟರ್ ನೀರು

ಮಾನ್ಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ನಿರ್ದೇಶಕರೂ ಆದ ಶ್ರೀ ಮುರೆಶಾನ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ಶ್ರೀಮತಿ ಲುಕ್ರೆತ್ಸಿಯಾ ಅವರೇ, ವಾರ್ನಿಷ್ ವಾಸನೆಯನ್ನು ಹಬ್ಬದ ಕೋಟಿಗೂ ಹತ್ತಿಸಿಕೊಂಡು ಬಂದಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೆಂಟು ವರ್ಷ ಚೆಲ್ಲೊ ವಾದ್ಯ ಮಾಡಿದವನಿಗೆ ಐದು ನಿಮಿಷದಲ್ಲಿ ಅಂಟು ಕೂಡ ಕಾಯುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ನಮ್ಮ ರೆಗಿನ್ ಪಟ್ಟಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಜನವರಿಯಲ್ಲಿ ಒಲೆ ಉರಿಸಿದರೆ ಗಾಳಿ ಒಣಗುತ್ತದೆ, ಗಾಳಿ ಒಣಗಿದರೆ ಮರ ಸೀಳುತ್ತದೆ. ನಾವು ಚೆಲ್ಲೊ ಮಾಡುತ್ತೇವೆ ಎಂದು ಬೀಗುತ್ತೇವೆ. ಆದರೆ ಆ ಚೆಲ್ಲೊ ಸೀಳದಂತೆ ಕಾಯುವವರು ಯಾರು? ನಾವಲ್ಲ. ಗೋಡೆಯ ಮೇಲೆ ಕೂತು ಕೋಣೆಗೆ ಹಬೆ ಉಗುಳುವ ಆ ಬಿಳಿ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಕಾಯುವವರು ಯಾರು? ಇಗೋ, ಮೊದಲ ಸಾಲಿನಲ್ಲಿ ಹೂಗುಚ್ಛದ ಹಿಂದೆ ಮುಖ ಮುಚ್ಚಿಕೊಂಡು ಕೂತಿರುವ, ನಮ್ಮ ಯಂತ್ರಗಳನ್ನು ನೋಡಿಕೊಳ್ಳುವ ಲುಕ್ರೆತ್ಸಿಯಾ.

ಸಭಿಕರೇ, ಒಂಬತ್ತು ವರ್ಷದ ಹಿಂದಿನ ಮಾತು. ಜನವರಿ ಆರರ ಎಪಿಫನಿ ಹಬ್ಬ ಕಳೆದು ಮೂರನೆಯ ದಿನ. ನನ್ನ ಮೇಜಿನ ಮೇಲೆ ಒಂದು ಚೆಲ್ಲೊದ ಮುಖಹಲಗೆ ಇತ್ತು. ಆ ಸ್ಪ್ರೂಸ್ ಮರವನ್ನು ನನ್ನಪ್ಪ ಸೀಳಿ ಅಟ್ಟದಲ್ಲಿ ಒಣಗಲು ಇಟ್ಟದ್ದು ನಾನು ಶಾಲೆಗೆ ಹೋಗುತ್ತಿದ್ದಾಗ. "ಇದರಲ್ಲಿ ನೀನೇ ಮಾಡು, ಆತುರ ಪಡಬೇಡ" ಎಂದಿದ್ದರು. ಆತುರ ಪಡಬಾರದ್ದಕ್ಕೇ ನಾನು ಆತುರ ಪಡುವವನು. ನನ್ನ ಹೆಂಡತಿ ಅಲ್ಲಿ ತಲೆಯಾಡಿಸುತ್ತಿದ್ದಾಳೆ, ನೋಡಿ.

ಬೆಳಿಗ್ಗೆ ತೇವದ ಮಾಪಕ ನಲವತ್ತೆಂಟರಿಂದ ಇಪ್ಪತ್ತಾರಕ್ಕೆ ಇಳಿದಿತ್ತು. ಹಬೆಯೇ ಇಲ್ಲ. ಹಲಗೆಯನ್ನು ಬೆರಳಲ್ಲಿ ತಟ್ಟಿದರೆ ದನಿ ಬದಲಾಗಿತ್ತು. ನಾನು ಓಡಿಹೋಗಿ ಇವರನ್ನು ಕರೆತಂದೆ.

ಇವರು ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು! ನಾನಾಗಿದ್ದರೆ ಮೊದಲು ಪೆಟ್ಟಿಗೆ ಬಿಚ್ಚುತ್ತಿದ್ದೆ. ಇವರು ಬಿಚ್ಚಲಿಲ್ಲ. ಹಬೆ ಕೊಳವೆಯ ಮೇಲೆ ಅಂಗೈ ಇಟ್ಟರು: ತಣ್ಣಗಿದೆ. ನೀರು ಬರುತ್ತಿದೆಯೇ ಎಂದು ಕಿವಿಗೊಟ್ಟರು: ಬರುತ್ತಿದೆ. ಪೆಟ್ಟಿಗೆ ತಟ್ಟಿದರು: ನೀರು ಕುದಿಸುವ ಒಳಗಿನ ಉರುಳೆ ಕತ್ತಿನವರೆಗೂ ತುಂಬಿದೆ. ತಂತಿಗೆ ಮಾಪಕ ಹಾಕಿದರು: ವಿದ್ಯುತ್ತು ಬಾಗಿಲವರೆಗೆ ಬಂದು ನಿಂತಿದೆ, ಒಳಗೆ ಹರಿಯುತ್ತಿಲ್ಲ.

"ಏನಾಗಿದೆ?" ಅಂದೆ.

"ಯಂತ್ರಕ್ಕೇನೂ ಆಗಿಲ್ಲ ಮೇಸ್ತ್ರಿಗಳೇ. ನೀರು ತೀರಾ ಸಪ್ಪೆ. ಇದರಲ್ಲಿ ಬೇರೆ ಕಾಯಿಸೋ ಕಡ್ಡಿ ಇಲ್ಲ, ಕರೆಂಟು ನೀರೊಳಗೇ ಹಾದು ನೀರನ್ನ ಕುದಿಸ್ಬೇಕು. ನೀರಲ್ಲಿ ಉಪ್ಪಿನಂಶ ಇಲ್ಲದಿದ್ರೆ ಕರೆಂಟು ಹೇಗೆ ಹೋಗುತ್ತೆ? ಯಾರೋ ಈ ಕೊಳಾಯಿಗೆ ಶುದ್ಧೀಕರಣದ ಯಂತ್ರ ಕೂರಿಸಿದ್ದಾರೆ."

ಆ 'ಯಾರೋ' ಯಾರೆಂದು ಅಧ್ಯಕ್ಷರಿಗೆ ಗೊತ್ತು. ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ್ದರು, ಚಪ್ಪಾಳೆ ಬೇಡ.

"ಸುಮ್ನಿರಿ. ಊರಿನ ನೀರಿಗೆ ಜೋಡಿಸ್ತೀನಿ. ಪೈಪಿನ ತುಂಡು ತರ್ಬೇಕು, ಒಂದು ಗಂಟೆ. ಏನೂ ಮುಟ್ಬೇಡಿ" ಎಂದು ಇವರು ಹೊರಟರು.

ಒಂದು ಗಂಟೆ! ಅಪ್ಪನ ಮರ ಅಲ್ಲಿ ಒಣಗುತ್ತಿದೆ. ನೀರಿಗೆ ಉಪ್ಪಿನಂಶ ತಾನೇ ಬೇಕು? ನಮ್ಮ ಜನಕ್ಕೆ ಉಪ್ಪಿನಂಶದ ನೀರು ಎಂದರೆ ಏನು ಹೇಳಿ? ಶನಿವಾರ ಶನಿವಾರ ಬೆಟ್ಟದ ಊಟೆಗೆ ಹೋಗಿ, ಸಾಲಲ್ಲಿ ನಿಂತು, ಡಬ್ಬಿಗಟ್ಟಲೆ ತುಂಬಿ ತರುವ ಬೋರ್ವಿಜ್, ನಮ್ಮ ಗುಳ್ಳೆಯೇಳುವ ಖನಿಜ ನೀರು. ಹೊಟ್ಟೆ ಉರಿದರೆ ಬೋರ್ವಿಜ್, ಮದುವೆಯ ಮರುದಿನ ತಲೆ ಸಿಡಿದರೆ ಬೋರ್ವಿಜ್. ನನ್ನ ಮೇಜಿನ ಕೆಳಗೂ ಎರಡು ಲೀಟರ್ ಇತ್ತು. ಏಣಿ ಹತ್ತಿ, ನೀರು ತುಂಬುವ ಬಟ್ಟಲಿಗೆ ಅಷ್ಟನ್ನೂ ಸುರಿದೆ.

ಹೌದು. ನಾನೇ ಸುರಿದೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಕಾಗದದಲ್ಲಿ ಇಲ್ಲಿ 'ಅವರ ಸೇವೆ ಅನುಪಮ' ಎಂದಿದೆ.

ಉರುಳೆಯೊಳಗೆ ನೊರೆ ಎದ್ದಿತು. ಕಿಡಿ ಚಟಗುಟ್ಟಿತು. ದೀಪಗಳೆಲ್ಲ ಆರಿದವು. ಕೊಳವೆಯಿಂದ ಹಬೆಯ ಬದಲು ನೊರೆ ಸುರಿಯಿತು. ನಾನು ಬಾಟಲಿಯನ್ನು ಕೋಟಿನೊಳಗೆ ಅಡಗಿಸಿದೆ.

ನಿರ್ದೇಶಕರು ಬಂದು, "ಕೊನೆಗೆ ಮುಟ್ಟಿದ್ದು ಯಾರು?" ಎಂದು ಕೇಳಿದರು. ನಾನು, "ಲುಕ್ರೆತ್ಸಿಯಾ ಬಂದಿದ್ರು" ಅಂದೆ. ಅದರಲ್ಲಿ ಸುಳ್ಳಿಲ್ಲ, ಅಲ್ಲವೇ? ಒಂಬತ್ತು ವರ್ಷ ಇದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ.

ಇವರು ಪೈಪಿನ ತುಂಡು ಹಿಡಿದು ಬಂದರು, ಬೈಸಿಕೊಂಡರು, ಆಮೇಲೆ ನೆಲದ ನೊರೆಯನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಬೋರ್ವಿಜ್ ನಿಮ್ಮ ಹೊಟ್ಟೆಗೆ ಒಳ್ಳೇದು ಮೇಸ್ತ್ರಿಗಳೇ. ಇದಕ್ಕಲ್ಲ." ಅಷ್ಟೇ. ಯಾರಿಗೂ ಹೇಳಲಿಲ್ಲ.

ಉರುಳೆ ಸುಟ್ಟುಹೋಗಿತ್ತು, ಹೊಸದು ಬರಲು ಮೂರು ದಿನ. ಆ ಮೂರು ದಿನ ಇವರು ಮನೆಯ ಹಾಸಿಗೆ ಬಟ್ಟೆಗಳನ್ನೆಲ್ಲ ನೆನೆಸಿ ನನ್ನ ಕೋಣೆಯಲ್ಲಿ ನೇತುಹಾಕಿದರು. ಮಾಮಲಿಗ ಮುದ್ದೆ ಬೇಯಿಸುವ ಹಂಡೆಗಳಲ್ಲಿ ನೀರು ಕುದಿಸಿದರು. ಮಾಪಕ ಮೂವತ್ತೆಂಟಕ್ಕೆ ಏರಿತು, ಹಲಗೆ ಉಳಿಯಿತು. ಯಂತ್ರಗಳ ಮುಖ್ಯಸ್ಥರ ಹುದ್ದೆ ಆ ವಸಂತದಲ್ಲಿ ಇವರಿಗೆ ಸಿಗಬೇಕಿತ್ತು. ಹೊರಗಿನವರೊಬ್ಬರಿಗೆ ಹೋಯಿತು. ಏಕೆಂದು ಇವರು ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ. ಎಂಥ ಹೆಂಗಸು ಸ್ವಾಮಿ ಇವರು, ಮತ್ತೆ ಎಂಥ ಹೇಡಿ ನಾನು!

ಆ ಚೆಲ್ಲೊವನ್ನು ನಾನು ಮಾರಲಿಲ್ಲ, ಕಾರ್ಖಾನೆಯ ನನ್ನ ಕೋಣೆಯಲ್ಲೇ ಇಟ್ಟುಕೊಂಡೆ. ಇಂದು ತಂದಿದ್ದೇನೆ. ಚೆಲ್ಲೊದ ಒಳಗೆ ಮಾಡಿದವನ ಹೆಸರಿನ ಚೀಟಿ ಅಂಟಿಸುವುದು ನಮ್ಮ ಪದ್ಧತಿ. ಮುಖಹಲಗೆಯ ರಂಧ್ರದಿಂದ ನೋಡಿದರೆ ಕಾಣುತ್ತದೆ. ಇದರಲ್ಲಿ ಎರಡು ಚೀಟಿಗಳಿವೆ. ಎರಡನೆಯದನ್ನು ಮುಖಹಲಗೆಯ ಒಳಮೈಗೆ ಅಂಟಿಸಿದೆ, ಕನ್ನಡಿ ತೂರಿಸದೆ ಕಾಣದು. ಜನರಿಗೆ ಹೇಳಲಾಗದ್ದನ್ನು ಅಪ್ಪನ ಮರಕ್ಕೆ ಹೇಳಿ ಮುಚ್ಚಿದೆ.

ಕಳೆದ ವಾರ ಇವರ ಬಳಿ ಹೋಗಿ, "ಒಂದು ವಿಷಯ ಹೇಳಬೇಕಿತ್ತು" ಅಂದೆ. ಇವರು ನಕ್ಕರು. "ಚೀಟಿ ತಾನೇ? ಪ್ರತಿ ಚಳಿಗಾಲ ಬಿರುಕು ನೋಡೋಕೆ ಕನ್ನಡಿ ಹಾಕ್ತೀನಲ್ಲ ಮೇಸ್ತ್ರಿಗಳೇ. ಒಂಬತ್ತು ಸಲ ಓದಿದ್ದೀನಿ. ನನ್ನ ಹೆಸರಲ್ಲಿ ಒಂದಕ್ಷರ ತಪ್ಪಿದೆ."

ಅಧ್ಯಕ್ಷರೇ, ಇಗೋ ಟಾರ್ಚು, ಇಗೋ ಇವರದೇ ಕನ್ನಡಿ. ಇವರ ಕಡತಕ್ಕೆ ನೀವು ಏನು ಬರೆದಿದ್ದಿರೋ ನನಗೆ ಗೊತ್ತಿಲ್ಲ. ಚೀಟಿಯಲ್ಲಿ ಇರುವುದನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಅದನ್ನೇ ಕಡತಕ್ಕೂ ಸೇರಿಸಿ: 'ನೀರು ಸುರಿದವನು ನಾನು. ಈ ಮರವನ್ನು ಉಳಿಸಿದವರು ಲುಕ್ರೆತ್ಸಿಯಾ.'

ಐದು ನಿಮಿಷ ಕೊಟ್ಟರೆ ಒಂಬತ್ತು ವರ್ಷ ತೆಗೆದುಕೊಂಡೆ. ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಲುಕ್ರೆತ್ಸಿಯಾ ಅವರೇ, ನಿಮಗೆ ಮಾತ್ರ ಟೋಪಿ ತೆಗೆದು, ತಲೆಬಾಗಿ, ನಮಸ್ಕಾರ.